ಪಕ್ಕದ ಜೀವಂತ ಮೂಳೆ ನಾವೇ



ಪ್ರವಾದಿ ಯೆಹೆಜ್ಕೇಲನು ಕಂಡ ಒಣಮೂಳೆಗಳ ಕಣಿವೆ ನಮಗೆಲ್ಲ ಗೊತ್ತು. ಮೊದಲು ಮೂಳೆಗೆ ಮೂಳೆ ಕೂಡಿತು, ಆಮೇಲೆ ನರಮಂಡಲ, ಮಾಂಸ, ಚರ್ಮ. ಉಸಿರು ಬಂದದ್ದು ಕೊನೆಗೆ. ಸರ್ವೇಶ್ವರಸ್ವಾಮಿಯ ಕೆಲಸವೂ ಹಂತಹಂತವಾಗಿಯೇ ನಡೆಯಿತು.

ಮೂಳೆಯಲ್ಲೇ ಹುಟ್ಟುವ ಆಸ್ಟಿಯೋಸಾರ್ಕೋಮ ಎಂಬ ಕ್ಯಾನ್ಸರ್ ಹೆಚ್ಚಾಗಿ ಬೆಳೆಯುವ ವಯಸ್ಸಿನ ಮಕ್ಕಳಿಗೆ, ಮೊಣಕಾಲಿನ ಹತ್ತಿರ ಬರುತ್ತದೆ. ಹಿಂದೆ ಕಾಲನ್ನೇ ತೆಗೆಯುತ್ತಿದ್ದರು. ಈಗ ಅನೇಕರ ಕಾಲು ಉಳಿಯುತ್ತದೆ. ಕೀಮೋ ಕೊಟ್ಟು, ರೋಗ ಹಿಡಿದ ತುಂಡನ್ನು ತೆಗೆದು, ಲೋಹದ ಕೀಲು ಇಡುತ್ತಾರೆ. ಕೆಲವರಿಗೆ ಅದೇ ತುಂಡಿನ ಗೆಡ್ಡೆಯನ್ನು ತೆಗೆದುಹಾಕಿ, ವಿಕಿರಣ ಕೊಟ್ಟು, ಮತ್ತೆ ಅದೇ ಜಾಗದಲ್ಲಿಟ್ಟು ಪ್ಲೇಟು, ಸ್ಕ್ರೂಗಳಿಂದ ಬಿಗಿಯುತ್ತಾರೆ. ವಿಕಿರಣದಿಂದ ರೋಗದ ಕಣಗಳ ಜೊತೆಗೆ ಮೂಳೆಯ ಜೀವಕಣಗಳೂ ಸಾಯುತ್ತವೆ. ಆ ತುಂಡು ತಾನಾಗಿ ಕೂಡಲಾರದು. ಪಕ್ಕದ ಜೀವಂತ ಮೂಳೆಯೇ ಅದರ ಕಡೆಗೆ ಬೆಳೆದು ಬೆಸೆಯಬೇಕು. ಅದಕ್ಕೆ ತಿಂಗಳುಗಳು ಬೇಕು, ಕೆಲವೊಮ್ಮೆ ವರ್ಷವೇ ಕಳೆಯುತ್ತದೆ. ಆಪರೇಷನ್ ನಂತರದ ಕೀಮೋ ಅದನ್ನು ಇನ್ನೂ ನಿಧಾನಗೊಳಿಸಬಹುದು. ಡಾಕ್ಟರು ಹೇಳುವವರೆಗೆ ಕಾಲಿನ ಮೇಲೆ ಪೂರ್ತಿ ಭಾರ ಹಾಕುವಂತಿಲ್ಲ.

ಇಲ್ಲೇ ನಾವು ತಪ್ಪುತ್ತೇವೆ. ಆಪರೇಷನ್ ದಿನ ಜಪಸರ ಹೇಳುತ್ತೇವೆ. ಮೂರು ತಿಂಗಳಿಗೆ ಆ ಮನೆಯ ಬಾಗಿಲನ್ನೇ ಮರೆಯುತ್ತೇವೆ. ಹೋದರೂ, "ಇನ್ನೂ ನಡೆಯಲಿಲ್ಲವೇನಪ್ಪಾ? ನಂಬಿಕೆಯಿಂದ ಪ್ರಾರ್ಥಿಸಿದೆಯಾ?" ಎನ್ನುತ್ತೇವೆ. ಆ ಮಾತು ಮಗುವಿನ ಎದೆಗೆ ಚುಚ್ಚುತ್ತದೆ. ಕಾಲಿನ ಕ್ಯಾನ್ಸರಿನಿಂದ ಒಂದೇ ರಾತ್ರಿಯಲ್ಲಿ ಗುಣವಾದರೆಂದು ಪರಂಪರೆ ಹೇಳುವ ಸಂತ ಪೆರೆಗ್ರೀನರ ಮಧ್ಯಸ್ಥಿಕೆಯನ್ನು ಬೇಡೋಣ. ಆದರೆ ನಿಧಾನವಾಗಿ ಕೂಡುವ ಮೂಳೆಯೂ ದೇವರ ಕೃಪೆಯೇ. ಕೂಡದೆ ಇನ್ನೊಂದು ಆಪರೇಷನ್ ಬೇಕಾದರೂ, ಕೊನೆಗೆ ಕಾಲನ್ನೇ ತೆಗೆಯಬೇಕಾಗಿ ಬಂದರೂ, ಅದು ಆ ಮಗುವಿನ ನಂಬಿಕೆಯ ಕೊರತೆಯಲ್ಲ. ದೇವರು ಕೈಬಿಟ್ಟರೆಂದೂ ಅಲ್ಲ.

ನಾವೆಲ್ಲ ಕ್ರಿಸ್ತನ ಒಂದೇ ದೇಹದ ಅಂಗಗಳು ಎಂದು ಸಂತ ಪೌಲರು ಬೋಧಿಸಿದರು. ಹಾಗಾದರೆ ಪಕ್ಕದ ಜೀವಂತ ಮೂಳೆ ನಾವೇ. ರಾಯದುರ್ಗದಿಂದ ಬಳ್ಳಾರಿಗೋ, ಮಡಕಶಿರಾದಿಂದ ಬೆಂಗಳೂರಿಗೋ ತಪಾಸಣೆಗೆ ಹೊರಟವರ ಜೊತೆ ನಮ್ಮಲ್ಲೊಬ್ಬರು ಬಸ್ಸು ಹತ್ತೋಣ. ತಾಯಿ ಭಾನುವಾರ ಬಲಿಪೂಜೆಗೆ ಹೋಗಿಬರಲೆಂದು ಮಗುವಿನ ಬಳಿ ಕೂರೋಣ. ತಪ್ಪಿದ ಪಾಠ ಹೇಳಿಕೊಡೋಣ. ಮನೆಗೆ ಪರಮಪ್ರಸಾದ ತರಲು ಗುರುಗಳಿಗೆ ತಿಳಿಸೋಣ. ಇದಕ್ಕೆ ಕನ್ನಡದವರು, ತೆಲುಗಿನವರು ಎಂಬ ಭೇದ ಬೇಡ.

ಇನ್ನೊಂದು ಮಾತು. ಮಕ್ಕಳ ಮೊಣಕಾಲಿನ ನೋವು, ಊತ ವಾರಗಟ್ಟಲೆ ಇಳಿಯದಿದ್ದರೆ, ರಾತ್ರಿ ಹೊತ್ತು ನೋವು ಹೆಚ್ಚಿದರೆ, ಎಣ್ಣೆ ತಿಕ್ಕಿ ಕಟ್ಟು ಹಾಕಿಸಿ ಕಾಯುವುದು ಬೇಡ. ಮೊದಲು ಎಕ್ಸ್‌ರೇ ತೆಗೆಸೋಣ.

ಪ್ರಭುವೇ, ಕಾಯುವವರಿಗೆ ತಾಳ್ಮೆಯನ್ನೂ, ನಮಗೆ ಅವರ ಕಡೆಗೆ ಬೆಳೆಯುವ ಮನಸ್ಸನ್ನೂ ಕೊಡಿರಿ. ಆಮೆನ್.