ಇಂದಿನ ಧಮ್ಮ ಚಿಂತನೆ: ಹಳೆ ಫ್ರಿಜ್, ಹೊಸ ಕಪಾಟು



ಅಡುಗೆಮನೆಗೆ ಹೊಸ ಕಪಾಟು ಬಂದಾಗ ಹಳೆ ಫ್ರಿಜ್ ಬಣ್ಣಕ್ಕೆ ಹೊಂದುವುದಿಲ್ಲ. ಹೊಸದು ಕೊಳ್ಳಬೇಕೇ, ಬಾಗಿಲಿಗೆ ಕಪಾಟಿನ ಬಣ್ಣದ ಶೀಟ್ ಅಂಟಿಸಿದರೆ ಸಾಕೇ?

ಇಷ್ಟೊಂದು ಚೀವರ ಏನು ಮಾಡುವಿರಿ ಎಂದು ಉದೇನ ರಾಜ ಕೇಳಿದಾಗ ಭಂತೆ ಆನಂದರು ಲೆಕ್ಕ ಕೊಟ್ಟರು: ಭಿಕ್ಖುಗಳಿಗೆ ಹಂಚುತ್ತೇವೆ, ಹಳೆಯವು ಹಾಸಿಗೆಯ ಹೊದಿಕೆ, ಆಮೇಲೆ ಕಾಲೊರೆಸು, ಕೊನೆಗೆ ಚೂರುಮಾಡಿ ಮಣ್ಣಲ್ಲಿ ಕಲಸಿ ನೆಲ ಸಾರಿಸುತ್ತೇವೆ.

ಆದ್ದರಿಂದ ಶೀಟ್ ಅಂಟಿಸುವುದೇ ಸರಿ. ಬಾಗಿಲಿಗೆ ಮಾತ್ರ, ಬದಿಗೂ ಹಿಂದಕ್ಕೂ ಗಾಳಿಯಾಡಲು ಜಾಗ ಬಿಡಿ, ಬಿಸಿ ಹೊರಹೋಗಬೇಕು.

ಆದರೆ ಮನಸ್ಸನ್ನೂ ನೋಡಿಕೊಳ್ಳೋಣ. ತೋಟದ ಲೈನ್‌ಮನೆಯಿಂದ ಸ್ವಂತ ಮನೆಗೆ ಬಂದವರಿಗೆ ಆ ಫ್ರಿಜ್ ಕೂಲಿಯಲ್ಲಿ ಉಳಿಸಿದ ದುಡ್ಡು. ಅಂದಕ್ಕಾಗಿ ಅಂಟಿಸಿ, ನೆಂಟರೆದುರು ನಾಚಿ ಮುಚ್ಚಬೇಡಿ. 1956ರಲ್ಲಿ ನಾಗಪುರದಲ್ಲಿ ಬಾಬಾಸಾಹೇಬರು ತೋರಿದ ದಾರಿ ಸ್ವಾಭಿಮಾನದ್ದು.

ಭವತು ಸಬ್ಬ ಮಂಗಲಂ 🌸