ನೋಟ್‌ಬುಕ್ಕಿನ ಸುಳ್ಳು ಯಾರದು?

ಟೈಪ್ 1 ಮಧುಮೇಹವಿರುವ ಮಗುವಿನ ಸಕ್ಕರೆಯ ಅಂಕಿಗಳನ್ನು ಮನೆಯವರು ನೋಟ್‌ಬುಕ್ಕಿನಲ್ಲಿ ಬರೆದಿಡಬೇಕು. ಆಸ್ಪತ್ರೆಗೆ ಹೋಗುವ ಹಿಂದಿನ ರಾತ್ರಿ ತಾಯಿಯೊಬ್ಬಳು 310 ಇದ್ದಲ್ಲಿ 160 ಎಂದು ತಿದ್ದಿದರೆ, ಆ ಸುಳ್ಳು ಯಾರದು?

ಇದು ಸಿಹಿ ತಿಂದು ಬರುವ ಕಾಯಿಲೆಯಲ್ಲ. ಇನ್ಸುಲಿನ್ ಹಾರ್ಮೋನ್ ತಯಾರಿಸುವ ಕೋಶಗಳನ್ನು ದೇಹದ ರಕ್ಷಣಾ ವ್ಯವಸ್ಥೆಯೇ ನಾಶಮಾಡುತ್ತದೆ. 1922ರಲ್ಲಿ ಟೊರಾಂಟೊದಲ್ಲಿ 14 ವರ್ಷದ ಹುಡುಗನಿಗೆ ಮೊದಲ ಬಾರಿ ಇನ್ಸುಲಿನ್ ಕೊಡುವವರೆಗೆ ಈ ಕಾಯಿಲೆಯೆಂದರೆ ಸಾವೇ. ಈಗ ಮಗು ಬದುಕುತ್ತದೆ. ಆ ಕೋಶಗಳ ಕೆಲಸ ಮಾತ್ರ ಹೆಚ್ಚಾಗಿ ತಾಯಿಯ ಪಾಲಿಗೆ ಬರುತ್ತದೆ.

ಹುಣಸೂರು ತಾಲ್ಲೂಕಿನ ಗುರುಪುರದಂಥ ಊರಿನಿಂದ ಬಸ್ಸು ಹತ್ತಿ ಮೈಸೂರಿಗೆ ಬರುವ ತಾಯಿಗೆ ಸೂಜಿ ಹಿಡಿಯುವುದನ್ನು, ಮುದ್ದೆಯ ಅಳತೆಯನ್ನು, ಫ್ರಿಜ್ ಇಲ್ಲದಿದ್ದರೆ ಇನ್ಸುಲಿನ್ನನ್ನು ಮಣ್ಣಿನ ಮಡಕೆಯಲ್ಲಿ ತಂಪಾಗಿಡುವುದನ್ನು ಕೂತು ಕಲಿಸಬಲ್ಲವರು ನರ್ಸ್. ಅವರು “ಏನಮ್ಮಾ, ಏನು ತಿನ್ನಿಸಿದ್ದೀ?” ಎಂದರೆ ಅದು ವಿಚಾರಣೆ. “ಅವತ್ತು ಮಗು ಹೇಗಿತ್ತಮ್ಮಾ?” ಎಂದರೆ ಜ್ವರ, ಪರೀಕ್ಷೆಯ ಭಯ, ತಪ್ಪಿದ ಡೋಸು, ಹಬ್ಬದ ಹೋಳಿಗೆ ಎಲ್ಲವೂ ಹೊರಬರುತ್ತವೆ. ಸಕ್ಕರೆ ಏರಲು ಇವುಗಳಲ್ಲಿ ಯಾವುದಾದರೂ ಸಾಕು.

ಕರುಣೆಯನ್ನು ನಾವು ಚಿಕಿತ್ಸೆಗೆ ಹಾಕುವ ಒಗ್ಗರಣೆ ಎಂದುಕೊಂಡಿದ್ದೇವೆ. ಆದರೆ ತಿದ್ದಿದ ಅಂಕಿಯನ್ನು ನಂಬಿದರೆ ಮಗುವಿಗೆ ಡೋಸು ಸಾಲದೆ ಹೋಗುತ್ತದೆ. ಬೈಗುಳಕ್ಕೆ ಹೆದರಿದ ನಿಜದ ಬೆಲೆಯನ್ನು ಮಗು ತೆರುತ್ತದೆ.

ಹಾಗೆಂದು ಹುಸಿ ಸಮಾಧಾನವೂ ಸಲ್ಲದು. “ಈ ಸೂಜಿ ಎಷ್ಟು ದಿನ ಸಿಸ್ಟರ್?” ಎಂದರೆ “ಜೀವನಪೂರ್ತಿ” ಎಂದೇ ಹೇಳಬೇಕು. “ತಪ್ಪು ನಿಮ್ಮದಲ್ಲ” ಎಂಬುದನ್ನೂ ಜೊತೆಗೇ ಹೇಳಬೇಕು. ಅದೂ ಅಷ್ಟೇ ನಿಜ. ಎರಡನ್ನೂ ಕೇಳಿಸಿಕೊಂಡ ತಾಯಿ 310 ಅನ್ನು 310 ಎಂದೇ ಬರೆದಾಳು. ಕೇಳಿಸಿಕೊಳ್ಳದವಳು ಬರೆದ 160, ಅವಳೊಬ್ಬಳ ಸುಳ್ಳಲ್ಲ.