ಗ್ರಂಥಋಣ

ವಿದ್ವತ್ಪ್ರಬಂಧದ ಕೊನೆಯಲ್ಲಿ ಆಧಾರಗ್ರಂಥಗಳ ಪಟ್ಟಿಯನ್ನು ಕೊಡುವ ಪದ್ಧತಿಯು ವಾಚಕರಿಗೆ ವಿದಿತವೇ ಆಗಿದೆ. ಕರ್ತೃವಿನ ಹೆಸರು, ಇಸವಿ, ಲೇಖನದ ಶಿರೋನಾಮೆ, ಸಂಪುಟ, ಪುಟ, ಇವುಗಳಲ್ಲಿ ಯಾವುದು ಮೊದಲು, ಯಾವುದು ಬಳಿಕ, ಅಲ್ಪವಿರಾಮವೆಲ್ಲಿ, ಬಿಂದುವೆಲ್ಲಿ ಎಂಬುದಕ್ಕೆ ಒಂದೊಂದು ಪತ್ರಿಕೆಯಲ್ಲಿ ಒಂದೊಂದು ಕಟ್ಟಳೆ. ಇದು ಬರಿಯ ಆಚಾರವೋ, ಇದರಲ್ಲಿ ಧರ್ಮಾಂಶವೂ ಉಂಟೋ ಎಂಬುದು ವಿಚಾರಾರ್ಹವಾದ ಪ್ರಶ್ನೆ.

ಬೆಂಗಳೂರಿನ ಪೂರ್ವಭಾಗದ ಸಿ.ವಿ. ರಾಮನ್ ನಗರದ ಹೆಸರನ್ನೇ ನೋಡಬಹುದು. ಆ ಮಹನೀಯರ ಸ್ವಂತ ಹೆಸರು ವೆಂಕಟರಾಮನ್. ಚಂದ್ರಶೇಖರ ಎಂಬುದು ತಂದೆಯ ಹೆಸರು. ಮನೆತನದ ಹೆಸರನ್ನು ಮುಂದಿಡುವ ಪಾಶ್ಚಾತ್ಯ ಕಟ್ಟಳೆಯಂತೆ ‘ರಾಮನ್, ಸಿ.ವಿ.’ ಎಂದು ಬರೆದಾಗ, ಒಂದೇ ಹೆಸರು ಇಬ್ಭಾಗವಾಗಿ, ಅದರ ಉತ್ತರಾರ್ಧವು ಮನೆತನದ ವೇಷವನ್ನು ಧರಿಸುತ್ತದೆ. ಆದರೂ ಹುಡುಕುವವನಿಗೆ ಅವರ ಬರಹವು ಸಿಕ್ಕೇ ಸಿಕ್ಕುತ್ತದೆ. ಆದುದರಿಂದ ಕ್ರಮವೆಂಬುದು ಆಚಾರವೇ. ದೇಶಕಾಲಗಳಿಗೆ ತಕ್ಕಂತೆ ಅದು ಬದಲಾಗಬಹುದು.

ಧರ್ಮವಿರುವುದು ಬೇರೆಡೆಯಲ್ಲಿ. ಬೆಂಗಳೂರಿನ ರಾಮನ್ ಸಂಶೋಧನಾಲಯದಲ್ಲಿದ್ದ ಎಸ್. ಪಂಚರತ್ನಂ ಎಂಬ ತರುಣ ವಿಜ್ಞಾನಿಯು 1956ರಲ್ಲಿ ಭಾರತೀಯ ವಿಜ್ಞಾನ ಅಕಾಡೆಮಿಯ ಪತ್ರಿಕೆಯಲ್ಲಿ ಒಂದು ಲೇಖನವನ್ನು ಪ್ರಕಟಿಸಿದರು. ಧ್ರುವೀಕೃತವಾದ ಬೆಳಕು ಹಲವು ಸ್ಥಿತಿಗಳನ್ನು ಹಾದು ಮೊದಲಿನ ಸ್ಥಿತಿಗೇ ಮರಳಿದಾಗ, ಅದು ಕ್ರಮಿಸಿದ ದಾರಿಯ ಆಕೃತಿಯಿಂದಲೇ ಹುಟ್ಟುವ ಹಂತದ ವ್ಯತ್ಯಾಸವೊಂದು ಅದರಲ್ಲಿ ಉಳಿಯುವುದೆಂದು ಅಲ್ಲಿ ತೋರಿಸಿದ್ದರು. 1969ರಲ್ಲಿ, ನಲವತ್ತು ತುಂಬುವ ಮೊದಲೇ, ಅವರು ತೀರಿಕೊಂಡರು. 1984ರಲ್ಲಿ ಇಂಗ್ಲೆಂಡಿನ ಮೈಕೇಲ್ ಬೆರಿಯವರು ಇಂಥದೇ ತತ್ತ್ವವನ್ನು ವ್ಯಾಪಕವಾದ ರೂಪದಲ್ಲಿ ಸ್ವತಂತ್ರವಾಗಿ ಪ್ರತಿಪಾದಿಸಿದರು. 1986ರಲ್ಲಿ ಎಸ್. ರಾಮಶೇಷನ್ ಮತ್ತು ರಾಜಾರಾಂ ನಿತ್ಯಾನಂದ ಇವರು ಬೆಂಗಳೂರಿನ ‘ಕರೆಂಟ್ ಸೈನ್ಸ್’ ಪತ್ರಿಕೆಯಲ್ಲಿ ಹಳೆಯ ಲೇಖನವನ್ನು ಜ್ಞಾಪಿಸಿದರು. ಮರುವರ್ಷವೇ ಬೆರಿಯವರು ಪಂಚರತ್ನಂ ಅವರ ಕಾರ್ಯವನ್ನು ವಿವರಿಸಿ, ತಾವೇ ಒಂದು ಲೇಖನವನ್ನು ಬರೆದರು. ಇಂದು ಆ ತತ್ತ್ವವು ಇಬ್ಬರ ಹೆಸರಿನಲ್ಲಿಯೂ ಪ್ರಸಿದ್ಧವಾಗಿದೆ.

ಅರಿಯದೆ ಬಿಟ್ಟುದು ದೋಷವಲ್ಲ. ಅರಿತ ಬಳಿಕ ಮೌನವಾಗಿರುವುದೇ ದೋಷ. ಋಣವು ಅರಿವಿನೊಡನೆ ಹುಟ್ಟುತ್ತದೆ. ಆದರೆ ಮೂವತ್ತು ವರ್ಷಗಳ ತರುವಾಯವೂ ಆ ಅರಿವು ಸಾಧ್ಯವಾಗಬೇಕಾದರೆ, ಸಂಪುಟವೂ ಪುಟವೂ ಎಲ್ಲಿಯಾದರೂ ಸರಿಯಾಗಿ ದಾಖಲಾಗಿರಬೇಕು. ಒಂದು ಅಂಕೆ ತಪ್ಪಿದರೆ ದಾರಿಯೇ ಮುಚ್ಚುತ್ತದೆ. ತಾನು ಕಣ್ಣಿಂದ ಕಾಣದ ಗ್ರಂಥವನ್ನು ಪರರ ಪಟ್ಟಿಯಿಂದ ಎತ್ತಿ ತನ್ನ ಪಟ್ಟಿಗೆ ಸೇರಿಸುವುದಂತೂ ಕೂಟಸಾಕ್ಷ್ಯಕ್ಕೆ ಸಮಾನ.

ಋಷಿಋಣವನ್ನು ಅಧ್ಯಯನದಿಂದ ತೀರಿಸತಕ್ಕದ್ದೆಂದು ನಮ್ಮ ಹಿರಿಯರು ಹೇಳಿದರು. ಸಾಲಗಾರನನ್ನು ಕೇಳಲು ಸಾಹುಕಾರನು ಬಾಗಿಲಿಗೆ ಬರುತ್ತಾನೆ. ಗತಿಸಿದ ಗ್ರಂಥಕರ್ತನು ಬರಲಾರನು. ಆತನ ಪರವಾಗಿ ಕೇಳುವುದಕ್ಕೆ ಬರೆಯುವವನ ಅಂತಃಕರಣವೊಂದೇ ಉಳಿದಿರುತ್ತದೆ. ಬಿಂದುವಿನ ಸ್ಥಾನವನ್ನು ಸಂಪಾದಕರು ನಿರ್ಣಯಿಸಲಿ. ಹೆಸರಿನ ಸತ್ಯವನ್ನು ನಾವೇ ಕಾಯಬೇಕು.